ಮೊಮ್ಮಗಳಿಗೆ ನಡಾಲ್ ಬ್ಯಾಟು

ಬೆಳುಗುಪ್ಪದ ಒಂದು ಮನೆಯ ಜಗಲಿಯಲ್ಲಿ ನಡೆದ ಮಾತು ಇದು. ದೊಡ್ಡಪ್ಪ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು, ಪ್ರಾಯದಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡಿದವರು. ಅವರ ತಮ್ಮನ ಮಗಳು ಬೆಂಗಳೂರಿನಲ್ಲಿ ಮಕ್ಕಳಿಗೆ ಟೆನ್ನಿಸ್ ಕಲಿಸುತ್ತಾಳೆ, ರಾಕೆಟ್ಟಿಗೆ ಗಟ್ ಹಾಕಿಕೊಡುವ ಕೆಲಸವನ್ನೂ ಮಾಡುತ್ತಾಳೆ.

ದೊಡ್ಡಪ್ಪ: ನೀನು ಬಂದಿದ್ದು ಒಳ್ಳೇದಾಯ್ತು ನೋಡವ್ವ. ಈ ಕೂಸಿನ ಹಟ ನನ್ನಿಂದ ತಡೆಯೋಕಾಗ್ತಿಲ್ಲ. ಅನಂತಪುರದಾಗೆ ಟೆನ್ನಿಸ್ ಕಲಿಯೋಕೆ ಹೋದಾಗಿಂದ ಒಂದೇ ಮಾತು, ನಡಾಲ್ ಬ್ಯಾಟೇ ಬೇಕು. ಬಾಬೊಲಾಟ್ ಅಂತೆ, ಹಳದಿ ಬಣ್ಣದ್ದಂತೆ. ಬೇರೆ ತಂದ್ರೆ ಮುಟ್ಟೋದೇ ಇಲ್ಲ ಅಂತಾಳೆ. ಬಳ್ಳಾರೀಲಿ ವಿಚಾರಿಸಿದೆ. ದೊಡ್ಡವರು ಆಡೋದಾದ್ರೆ 15,000ದ ಮೇಲೆ ಅಂದ್ರು. ಶೇಂಗಾ ಮಾರಿದ ದುಡ್ಡು ಕೈಯಾಗೈತೆ, ಕೊಡಿಸೋಕೆ ನನಗೇನೂ ಹಿಂದೆಮುಂದೆ ಇಲ್ಲ. ಕೊಡಿಸೋದು ಸರಿಯೋ ತಪ್ಪೋ ಅನ್ನೋದನ್ನ ನೀನು ಹೇಳು.

ಮಗಳು: ದೊಡ್ಡವರ ರಾಕೆಟ್ ಅವಳಿಗೆ ಬೇಡವೇ ಬೇಡ ದೊಡ್ಡಪ್ಪ. ಆ ಮಾತು ಆಮೇಲೆ. ಹಟ ಎಲ್ಲಿಂದ ಬಂತು ಅನ್ನೋದು ಮಾತ್ರ ನನಗೆ ಚೆನ್ನಾಗಿ ಅರ್ಥ ಆಗತ್ತೆ. ಅನಂತಪುರದ ಸ್ಪೋರ್ಟ್ಸ್ ವಿಲೇಜಿನಲ್ಲಿರೋ ಟೆನ್ನಿಸ್ ಶಾಲೆ ನಡಾಲ್ ಫೌಂಡೇಷನ್ನೇ ಆರ್‌ಡಿಟಿ ಸಂಸ್ಥೆ ಜೊತೆ ಸೇರಿ ಕಟ್ಟಿದ್ದು. 2010ರ ಅಕ್ಟೋಬರ್‌ನಲ್ಲಿ ಅವನು ಶಾಂಘೈ ಟೂರ್ನಿ ಮುಗಿಸಿ ಬಂದು ತಾನೇ ಉದ್ಘಾಟನೆ ಮಾಡಿದ, ಅವನ ತಾಯಿಯೂ ಬಂದಿದ್ರು. ಅದೇ ವರ್ಷ ಫ್ರೆಂಚ್ ಓಪನ್, ವಿಂಬಲ್ಡನ್, ಯು.ಎಸ್. ಓಪನ್ ಮೂರನ್ನೂ ಗೆದ್ದಿದ್ದವನು. ಆಗ ಲೋಕದಲ್ಲಿ ಒಂದನೇ ನಂಬರಿನವನಾಗಿದ್ದ ಆಟಗಾರ ನಮ್ಮ ಜಿಲ್ಲೆಗೆ ಬಂದು ಮಕ್ಕಳ ಜೊತೆ ಚೆಂಡು ಹೊಡೆದು ಹೋಗಿದ್ದಾನೆ ಅಂದ್ರೆ, ಆ ಜಾಗದಲ್ಲಿ ಆಡೋ ಕೂಸಿಗೆ ಬೇರೆಯವರ ಬ್ಯಾಟು ಹೇಗೆ ಕಣ್ಣಿಗೆ ಬೀಳಬೇಕು?

ದೊಡ್ಡಪ್ಪ: ಆ ಸಂಸ್ಥೆ ಕಟ್ಟಿದ ಫಾದರ್ ಫೆರರ್ ತೀರಿಕೊಂಡ ಮರುವರ್ಷ ಅದು. 1969ರಲ್ಲಿ ಅವರು ಅನಂತಪುರಕ್ಕೆ ಬಂದಾಗ ಈ ಕಡೆ ಮಳೆಯೂ ಇರಲಿಲ್ಲ, ಬಾವಿಯಾಗೆ ನೀರೂ ಇರಲಿಲ್ಲ. ಅಂಥ ನೆಲದಾಗೆ ಟೆನ್ನಿಸ್ ಕೋರ್ಟು ಆಗತ್ತೆ ಅಂತ ಯಾರಾದ್ರೂ ಹೇಳಿದ್ರೆ ನಾವು ನಂಬ್ತಿರಲಿಲ್ಲ. ನನ್ನ ಸರ್ವೀಸಿನಾಗೆ ಟೆನ್ನಿಸ್ ಅಂದ್ರೆ ಕಲೆಕ್ಟರು, ಎಸ್ಪಿ, ಡಾಕ್ಟರು ಸಾಯಂಕಾಲ ಆಡೋದು. ಹುಡುಗರಿಗೆ ಗೊತ್ತಿದ್ದದ್ದು ಟೆನ್ನಿಸ್ ಬಾಲು ಒಂದೇ, ಅದೂ ಕ್ರಿಕೆಟ್ಟಿಗೆ.

ಮಗಳು: ಈಗ ನಿಮ್ಮ ಮೊಮ್ಮಗಳು ಬ್ಯಾಕ್‌ಹ್ಯಾಂಡ್ ಅಂತಾಳೆ, ಟಾಪ್‌ಸ್ಪಿನ್ ಅಂತಾಳೆ.

ದೊಡ್ಡಪ್ಪ: ಅಂತಾಳೆ, ಮಾಡಿಯೂ ತೋರಿಸ್ತಾಳೆ. ಅದಕ್ಕೇ ನಾನು ಕೊಡಿಸೋಣ ಅಂತಿರೋದು. ನಮ್ಮ ಹುಡುಗರಿಗೆ ಯಾವಾಗ್ಲೂ ಎರಡನೇ ದರ್ಜೇದು ಸಾಕು ಅಂತ್ಲೇ ನಡ್ಕೊಂಡು ಬಂತು. ಸ್ಕೂಲಿಗೆ ಕಳಿಸಿದ ವಾಲಿಬಾಲು ವಾರದಾಗೆ ಹೊಲಿಗೆ ಬಿಚ್ಚೋದು, ನೆಟ್ಟು ತೂತು. ಒಳ್ಳೇ ಸಾಮಾನಿನಾಗೆ ಆಡಿದ ಹುಡುಗನ ಎದುರು ನಮ್ಮ ಹುಡುಗ ನಿಂತಾಗ ಆಟ ಶುರುವಾಗೋಕೆ ಮುಂಚೇನೇ ಅರ್ಧ ಸೋತಿರ್ತಿದ್ದ. ನಾನು ಕಣ್ಣಾರೆ ಕಂಡಿದ್ದೀನಿ. ಬಾರ್ಸಿಲೋನಾದ ಕೂಸು ಹಿಡಿಯೋ ಬ್ಯಾಟನ್ನ ಬೆಳುಗುಪ್ಪದ ಕೂಸೂ ಹಿಡೀಲಿ. ಇದರಾಗೆ ತಪ್ಪೇನೈತೆ?

ಮಗಳು: ಒಂದಿಷ್ಟೂ ತಪ್ಪಿಲ್ಲ. ಒಳ್ಳೇದೇ ಕೊಡಿಸಿ. ಆದರೆ ನಡಾಲ್‌ಗೆ ಒಳ್ಳೇದಾದದ್ದು ಇವಳಿಗೂ ಒಳ್ಳೇದಾ ಅನ್ನೋದಷ್ಟೇ ನನ್ನ ಮಾತು. ಅಂಗಡೀಲಿ ಸಿಗೋ ಬಾಬೊಲಾಟ್ ಪ್ಯೂರ್ ಏರೋ ಗಟ್ ಇಲ್ಲದೆ 300 ಗ್ರಾಂ. ಅಷ್ಟೇ ಒಂದು ಬೆಳೆದ ಹೆಂಗಸಿಗೆ ಎರಡು ಗಂಟೆ ಆಡೋಕೆ ಸಾಕಷ್ಟು ಭಾರ. ನಡಾಲ್ ಕೈಯಲ್ಲಿದ್ದದ್ದು ಅದೂ ಅಲ್ಲ. ಕಂಪನಿ ಆಗಾಗ ಬಣ್ಣ ಬದಲಾಯಿಸಿತು, ಚೌಕಟ್ಟು ತಿದ್ದಿತು, ಅವನು ಮಾತ್ರ ಹಳೇ ಏರೋಪ್ರೋ ಡ್ರೈವ್ ಬಿಡಲಿಲ್ಲ. ಹೊಸ ಬಣ್ಣ ಬಳಿದ ಹಳೇ ಚೌಕಟ್ಟಿನಲ್ಲೇ ಆಡಿದ. 2023ರಲ್ಲಿ ಅದೇ ಅಳತೇದನ್ನ ರಫಾ ಆರಿಜಿನ್ ಅಂತ ಹೆಸರಿಟ್ಟು ಮಾರಾಟಕ್ಕೂ ಬಿಟ್ಟರು. 317 ಗ್ರಾಂ, ಅದರಲ್ಲೂ ಭಾರ ತಲೆ ಕಡೆಗೆ ಜಾಸ್ತಿ. ತೋಳು ಪಳಗಿದ ದೊಡ್ಡ ಆಟಗಾರರೂ ಒಂದು ಸೆಟ್ ಆಡಿ ಇಳಿಸಿಡ್ತಾರೆ. ಅದರಲ್ಲಿ ಅವನು ನಿಮಿಷಕ್ಕೆ 3,000 ಸುತ್ತಿಗೂ ಮೇಲೆ ಚೆಂಡನ್ನ ತಿರುಗಿಸ್ತಿದ್ದ. ಆ ತಿರುವು ರಾಕೆಟ್ಟಿನಿಂದ ಬಂತು ಅಂತ ಮಕ್ಕಳು ತಿಳ್ಕೋತಾರೆ. ಅದು ಅವನ ಭುಜದಿಂದ, ಮಣಿಕಟ್ಟಿನಿಂದ, ಎಳೇತನದಿಂದ ಹಾಕಿದ ದುಡಿಮೆಯಿಂದ ಬಂದದ್ದು. ರಾಕೆಟ್ ಅದಕ್ಕೆ ಅಡ್ಡ ಬರಲಿಲ್ಲ, ಅಷ್ಟು ಹೇಳಬಹುದು.

ದೊಡ್ಡಪ್ಪ: ಹಂಗಾದ್ರೆ ಹೆಸರಿನಾಗೆ ಏನೂ ಇಲ್ಲ ಅಂತೀಯ.

ಮಗಳು: ಇಲ್ಲ, ಹಾಗೆ ಅನ್ನೋಳಲ್ಲ ನಾನು. ಹೆಸರಿನಲ್ಲಿ ಬಹಳ ಇದೆ. ಕಾರ್ಲೋಸ್ ಮೋಯಾ ಅಂತ ಇದ್ದ. 1998ರಲ್ಲಿ ಫ್ರೆಂಚ್ ಓಪನ್ ಗೆದ್ದ. ಬಾಬೊಲಾಟ್ ಹಿಡಿದು ಅಷ್ಟು ದೊಡ್ಡ ಪ್ರಶಸ್ತಿ ಗೆದ್ದವರಲ್ಲಿ ಗಂಡಸರ ಪೈಕಿ ಅವನೇ ಮೊದಲಿಗ. ಅವನ ಊರು ಮಯೋರ್ಕಾ ದ್ವೀಪ. ನಡಾಲ್‌ದೂ ಅದೇ ದ್ವೀಪ, ಮೋಯಾ ಗೆದ್ದ ವಾರ ಅವನಿಗೆ 12 ವರ್ಷ ತುಂಬಿತ್ತು. ತನ್ನ ದ್ವೀಪದವನೊಬ್ಬ ಪ್ಯಾರಿಸ್ಸಿನಲ್ಲಿ ಕಪ್ ಎತ್ತಿದ್ದನ್ನ ನೋಡಿದ ಹುಡುಗ ಅವನು. ಮುಂದೆ ಅದೇ ಮೋಯಾ ಅವನಿಗೆ ಕೋಚ್ ಆದ. ಮಗು ಯಾರನ್ನೋ ಮೆಚ್ಚಿ ಅವರ ಕೈಲಿರೋದನ್ನ ಕೇಳೋದು ಆಟಕ್ಕೆ ಬೀಳೋ ಮೊದಲ ಗೊಬ್ಬರ. ನಾನು ಅದನ್ನ ಕೀಳಾಗಿ ನೋಡಲ್ಲ.

ದೊಡ್ಡಪ್ಪ: ನನಗೆ ಬೋರ್ಗ್ ಅಂದ್ರೆ ಪ್ರಾಣ. ಪೇಪರಿನಾಗೆ ಬಂದ ಅವನ ಫೋಟೋ ಕತ್ತರಿಸಿ ಇಟ್ಕೊಂಡಿದ್ದೆ. ಡಾನೆ ಅಂತ ಬರೆದ ಮರದ ಬ್ಯಾಟು. ಅದನ್ನ ನಾನು ಜೀವಮಾನದಾಗೆ ಕೈಯಿಂದ ಮುಟ್ಟಿಲ್ಲ, ಆದ್ರೂ ನನ್ನ ಪ್ರಕಾರ ಡಾನೇನೇ ಶ್ರೇಷ್ಠ. 1980ರ ವಿಂಬಲ್ಡನ್ ಫೈನಲ್ಲಿನಾಗೆ ಮೆಕೆನ್ರೋ 18-16ಕ್ಕೆ ಟೈಬ್ರೇಕ್ ಗೆದ್ದ, ಮ್ಯಾಚು ಗೆದ್ದವನು ಬೋರ್ಗ್. ಆಮೇಲೆ ಮೆಕೆನ್ರೋ ಹಿಡಿದದ್ದು ಡನ್‌ಲಪ್. ಹಂಗಾಗಿ ಡನ್‌ಲಪ್ ಅಂದ್ರೆ ನನಗೆ ಇವತ್ತಿಗೂ ಅಷ್ಟಕ್ಕಷ್ಟೆ.

ಮಗಳು: ಬೋರ್ಗ್ ರಾಕೆಟ್ಟಿನ ಗಟ್ ಎಷ್ಟು ಬಿಗಿ ಇರ್ತಿತ್ತು ಗೊತ್ತಾ? 80 ಪೌಂಡಿನ ಹತ್ತಿರ. ಈಗ ನಾವು 50ರ ಆಸುಪಾಸು ಎಳೀತೀವಿ. ರಾತ್ರಿ ಹೋಟೆಲ್ ರೂಮಿನಲ್ಲಿ ಇಟ್ಟಲ್ಲೇ ಅವನ ಗಟ್ ಪಟ್ ಅಂತ ಹರಿದು ಹೋಗ್ತಿತ್ತು, ಆ ಸದ್ದಿಗೆ ಎಚ್ಚರ ಆಗ್ತಿತ್ತು ಅಂತ ಟೆನ್ನಿಸ್‌ನವರು ಈಗಲೂ ಹೇಳ್ತಾರೆ. ಆಟ ಬಿಟ್ಟು ಎಷ್ಟೋ ವರ್ಷ ಆದಮೇಲೆ 1991ರಲ್ಲಿ ಮಾಂಟೆ ಕಾರ್ಲೋಗೆ ಮರದ ರಾಕೆಟ್ಟನ್ನೇ ಹಿಡಿದು ವಾಪಸ್ ಬಂದ. ಎದುರಿನವರೆಲ್ಲ ಗ್ರಾಫೈಟಿಗೆ ಹೋಗಿ ಆಗಿತ್ತು. ಮೊದಲ ಸುತ್ತಲ್ಲೇ ಸೋತ.

ದೊಡ್ಡಪ್ಪ: ಸೋತಿರಬಹುದು. ಕೈಗೆ ಹತ್ತಿದ್ದನ್ನ ಬಿಡೋಕಾಗಲಿಲ್ಲ ಅವನಿಗೆ. ಅದು ನನಗೆ ಅರ್ಥ ಆಗತ್ತೆ. ನಾವು ಬಾಲ್ ಬ್ಯಾಡ್ಮಿಂಟನ್ ಆಡ್ತಿದ್ದ ಕಾಲದಾಗೆ ಎಲ್ಲಾ ಮರದ ಬ್ಯಾಟು, ಜಲಂಧರದಿಂದ ಬರೋವು. ಹಳದಿ ಉಲ್ಲನ್ ಚೆಂಡು, ಒಂದೊಂದು ಕಡೆ ಐದೈದು ಜನ. ಮಳೆಗಾಲದಾಗೆ ಮರ ಸೊಟ್ಟಗಾಗತ್ತೆ ಅಂತ ಬ್ಯಾಟನ್ನ ಮರದ ಪ್ರೆಸ್ಸಿಗೆ ಸಿಗಿಸಿ, ನಾಲ್ಕು ಮೂಲೆ ಚಿಟ್ಟೆ ನಟ್ಟು ತಿರುಗಿಸಿ ಗೋಡೆಗೆ ನೇತುಹಾಕ್ತಿದ್ವಿ. ಒಬ್ಬರ ಬ್ಯಾಟನ್ನ ಇನ್ನೊಬ್ಬರು ಕೇಳ್ತಿರಲಿಲ್ಲ. ಕುಯ್ಲಿಗೆ ಹೋಗೋರು ಅವರವರ ಕುಡುಗೋಲು ಅವರೇ ತಗೊಂಡು ಹೋಗ್ತಾರಲ್ಲ, ಹಂಗೆ. ಹಿಡಿ ಸವೆದಿರೋದು ಅವರ ಕೈಗೆ.

ಮಗಳು: ಅದೇ ಮಾತು ದೊಡ್ಡಪ್ಪ. ಹೆಸರು ಏನೇ ಇರಲಿ, ಮೊದಲು ನೋಡಬೇಕಾದ್ದು ಹಿಡಿ. ನಿಮ್ಮ ಬಲಗೈ ಕೊಡಿ ಇಲ್ಲಿ. ಈ ರಾಕೆಟ್ಟನ್ನ ಹೀಗೆ ಹಿಡ್ಕೊಳ್ಳಿ. ಈಗ ಬೆರಳ ತುದಿಗೂ ಅಂಗೈ ಉಬ್ಬಿಗೂ ನಡುವೆ ಸಂದು ಇದೆಯಲ್ಲ, ಅಲ್ಲಿ ನಿಮ್ಮ ಎಡಗೈ ತೋರುಬೆರಳು ಇಡಿ. ಸರಿಯಾಗಿ ಒಂದು ಬೆರಳು ಕೂತರೆ ಅದೇ ನಿಮ್ಮ ಅಳತೆ. ಬೆರಳು ಹೋಗಲಿಲ್ಲ ಅಂದ್ರೆ ಹಿಡಿ ಸಣ್ಣ, ಆಚೀಚೆ ಜಾಗ ಮಿಕ್ಕಿದರೆ ದಪ್ಪ.

ದೊಡ್ಡಪ್ಪ: ಇಕ್ಕಟ್ಟಾಗತ್ತೆ.

ಮಗಳು: ಇದು ಎಲ್2, ನಾಲ್ಕೂಕಾಲು ಇಂಚಿನದು. ನಿಮಗೆ ಎಲ್3 ಬೇಕು. ನಡಾಲ್‌ದೂ ಎಲ್2ನೇ. ಅಷ್ಟು ದೊಡ್ಡ ಆಳು, ಹಿಡಿ ಸಣ್ಣದು, ಯಾಕಂದ್ರೆ ಮಣಿಕಟ್ಟು ಸಲೀಸಾಗಿ ತಿರುಗಬೇಕು. ನಿಮ್ಮ ಮೊಮ್ಮಗಳ ಬೆರಳಿಗೆ ಎಲ್0 ಸಾಕು. ದಪ್ಪ ಹಿಡಿ ಹಿಡಿಸಿದರೆ ಜಾರದೇ ಇರಲಿ ಅಂತ ಅವಳು ಬಿಗಿಯಾಗಿ ಅಮುಕ್ತಾಳೆ, ಮೊಣಕೈ ನೋವು ಅಲ್ಲಿಂದ ಶುರು.

ದೊಡ್ಡಪ್ಪ: ಇದು ನಿನ್ನದಲ್ವಾ? ಯೋನೆಕ್ಸ್. ಇದು ಷಟಲ್ ಬ್ಯಾಟಿನ ಕಂಪನಿ ಅಲ್ವೇನವ್ವ? ನಮ್ಮೂರ ಹುಡುಗರು ಬೀದಿ ದೀಪದ ಕೆಳಗೆ ಆಡ್ತಾರಲ್ಲ.

ಮಗಳು: ಅದೇ ಕಂಪನಿ. ನನ್ನ ಒಲವು ಮುಚ್ಚಿಟ್ಕೊಳ್ಳೋದು ಯಾಕೆ? ನನಗೆ ಯೋನೆಕ್ಸೇ ಸರಿ. ಅದು ಶುರುವಾದ ಬಗೆ ಕೇಳಿದ್ರೆ ನಿಮಗೂ ಇಷ್ಟ ಆಗತ್ತೆ. ಜಪಾನಿನ ನೀಗಾಟಾ ಕಡೆ ಯೊನೆಯಾಮಾ ಅನ್ನೋರು 1946ರಲ್ಲಿ ಮರಗೆಲಸ ಶುರು ಮಾಡಿದ್ರು. ಮೀನಿನ ಬಲೆ ಮುಳುಗದ ಹಾಗೆ ಕಟ್ಟೋ ಮರದ ತೇಲುಬೆಂಡು ಮಾಡ್ತಿದ್ರು. ಪ್ಲಾಸ್ಟಿಕ್ ಬೆಂಡು ಬಂತು, ಮರದ್ದನ್ನ ಕೇಳೋರಿಲ್ಲ. ಕೈಲಿ ಮರಗೆಲಸ ಇದೆ, ವ್ಯಾಪಾರ ಇಲ್ಲ. 1957ರಲ್ಲಿ ಷಟಲ್ ಬ್ಯಾಟ್ ಮಾಡೋಕೆ ಇಳಿದ್ರು, ಆಮೇಲೆ ಟೆನ್ನಿಸ್‌ಗೆ ಬಂದ್ರು. ಉಳಿದ ಹೆಚ್ಚಿನ ಬ್ರ್ಯಾಂಡಿನವರು ಚೀನಾದಲ್ಲಿ ಮಾಡಿಸ್ತಾರೆ, ಇವರು ತಮ್ಮ ಒಳ್ಳೇ ಚೌಕಟ್ಟುಗಳನ್ನ ಇವತ್ತಿಗೂ ನೀಗಾಟಾದಲ್ಲೇ ಮಾಡ್ತಾರೆ.

ದೊಡ್ಡಪ್ಪ: ಆಟದಾಗೆ ಅದರಿಂದ ಏನು ಫರಕು?

ಮಗಳು: ಎರಡು ಫರಕು. ಒಂದು, ತಲೆಯ ಆಕಾರ ನೋಡಿ. ಮೊಟ್ಟೆ ಆಕಾರ ಅಲ್ಲ, ಮೇಲ್ಗಡೆ ಚೌಕಕ್ಕೆ ತಿರುಗಿದೆ. ಹಾಗಾಗಿ ಅಂಚಿನ ಕಡೆಯ ಗಟ್ ಎಳೆಗಳೂ ಹೆಚ್ಚು ಉದ್ದ ಬರ್ತವೆ, ಚೆಂಡು ಸ್ವಲ್ಪ ಮೇಲೆ ಬಿದ್ದರೂ ಕೈಗೆ ಜುಮ್ ಅನ್ನಲ್ಲ. ನವ್ರಾಟಿಲೋವಾ ಇದರಲ್ಲಿ ಆಡಿದಳು, ಮೋನಿಕಾ ಸೆಲೆಸ್ ಆಡಿದಳು. ಎರಡನೇದು ನನ್ನ ಕೆಲಸದಿಂದ ಗೊತ್ತಾದದ್ದು. ಒಂದೇ ಮಾದರಿಯ ಎರಡು ರಾಕೆಟ್ ತೂಕಕ್ಕಿಟ್ಟರೆ ಐದಾರು ಗ್ರಾಂ ಹೆಚ್ಚುಕಮ್ಮಿ ಇರೋದು ಎಲ್ಲಾ ಬ್ರ್ಯಾಂಡಲ್ಲೂ ಮಾಮೂಲು. ನನ್ನ ತಕ್ಕಡಿಗೆ ಬಂದವುಗಳಲ್ಲಿ ಯೋನೆಕ್ಸ್ ಜೋಡಿಗಳು ಹೆಚ್ಚು ಸರಿಸಮ ಬಂದಿವೆ. ಆಡೋರ ಬ್ಯಾಗಲ್ಲಿ ಎರಡು ಇರತ್ತೆ, ಒಂದರ ಗಟ್ ಹರಿದಾಗ ಇನ್ನೊಂದು ತಗೀತಾರೆ. ಆ ಹೊತ್ತಲ್ಲಿ ಕೈಗೆ ವ್ಯತ್ಯಾಸ ತಿಳೀಬಾರದು.

ದೊಡ್ಡಪ್ಪ: ಮತ್ತೆ ನಿನ್ನ ಶಿಷ್ಯರಿಗೆಲ್ಲ ಇದನ್ನೇ ಹೇಳ್ತೀಯ?

ಮಗಳು: ಇಲ್ಲ. ನನ್ನ ಕೈಗೆ ಇದು, ಅಷ್ಟೆ. ವಿಲ್ಸನ್ ಹಿಡಿದೋರಿಗೆ ಚೆಂಡು ಗಟ್ ಮೇಲೆ ಒಂದು ಗಳಿಗೆ ನಿಂತು ಹೋದ ಹಾಗೆ ಅನಿಸತ್ತೆ, ಆ ರುಚಿ ಹತ್ತಿದೋರು ಬಿಡಲ್ಲ. ಸಾಂಪ್ರಾಸ್ ಕೊನೇವರೆಗೂ ವಿಲ್ಸನ್‌ದೇ 85 ಚದರ ಇಂಚಿನ ಪುಟ್ಟ ತಲೆ ರಾಕೆಟ್ ಹಿಡಿದು 14 ಗ್ರ್ಯಾಂಡ್‌ಸ್ಲಾಂ ಗೆದ್ದ, ಬೇರೆಯವರೆಲ್ಲ ದೊಡ್ಡ ತಲೆಗೆ ಹೋದಮೇಲೂ. ಫೆಡರರ್ 90 ಚದರ ಇಂಚಿನದರಲ್ಲಿ ಆಡ್ತಿದ್ದ. 2013ರಲ್ಲಿ ಸೋಲು ಜಾಸ್ತಿ ಆದಾಗ ಕಪ್ಪು ಬಣ್ಣ ಬಳಿದ 98ರ ಮಾದರಿ ಹಿಡಿದು ಹ್ಯಾಂಬರ್ಗಿನಲ್ಲಿ ಆಡಿದ, ಗ್ಸ್ಟಾಡಿನಲ್ಲಿ ಆಡಿದ, ಎರಡು ಕಡೆಯೂ ಕೈ ಕೂರಲಿಲ್ಲ, ವಾಪಸ್ ಹಳೇದಕ್ಕೇ ಹೋದ. ಮುಂದಿನ ವರ್ಷ ನಿಧಾನವಾಗಿ ಅಭ್ಯಾಸ ಮಾಡ್ಕೊಂಡು 97ಕ್ಕೆ ಬಂದ. ಜೊಕೊವಿಚ್ 2008ರಲ್ಲಿ ಮೊದಲ ಆಸ್ಟ್ರೇಲಿಯನ್ ಓಪನ್ ಗೆದ್ದದ್ದು ವಿಲ್ಸನ್ ಹಿಡಿದು. ಮರುವರ್ಷ ಹೆಡ್ ಕಂಪನಿಗೆ ಹೋದ. 2009, 2010 ಎರಡೂ ವರ್ಷ ಒಂದೂ ಗ್ರ್ಯಾಂಡ್‌ಸ್ಲಾಂ ಇಲ್ಲ. ಅದಕ್ಕೆ ರಾಕೆಟ್ ಒಂದೇ ಕಾರಣ ಅಂತ ನಾನು ಹೇಳಲ್ಲ. ಆದರೆ ಲೋಕದ ಅಂಥ ಆಟಗಾರರ ಕೈಗೇ ಬದಲಾವಣೆ ಒಗ್ಗೋಕೆ ಕಾಲ ಬೇಕಾಗತ್ತೆ ಅಂದ್ರೆ, ಬೆಳೀತಿರೋ ಮಗುವಿಗೆ ಮೊದಲ ರಾಕೆಟ್ಟನ್ನ ಎಷ್ಟು ಎಚ್ಚರದಿಂದ ಕೊಡಿಸಬೇಕು ಹೇಳಿ.

ದೊಡ್ಡಪ್ಪ: ನಮ್ಮ ಕಾಲದಾಗೆ ಕಬ್ಬಿಣದ ಬ್ಯಾಟೂ ಬಂದಿತ್ತಲ್ಲ. ಕಾನರ್ಸ್ ಹಿಡಿದಿದ್ದ.

ಮಗಳು: ಟಿ-2000. ವಿಲ್ಸನ್‌ದೇ, 1967ರದು, ಉಕ್ಕಿನ ಕೊಳವೆ. ಅದನ್ನ ರೂಪಿಸಿದ್ದು ಫ್ರಾನ್ಸಿನ ಹಳೇ ಚಾಂಪಿಯನ್ ಲಾಕೋಸ್ಟ್, ಈಗ ಮೊಸಳೆ ಗುರುತಿನ ಅಂಗಿ ಬರ್ತವಲ್ಲ, ಅದೇ ಮನುಷ್ಯ. ಆದರೆ ನನ್ನ ಕೇಳಿದ್ರೆ ರಾಕೆಟ್ ಕತೆಯ ದೊಡ್ಡ ತಿರುವು ಅದಲ್ಲ, 1976ರ ಪ್ರಿನ್ಸ್. ಹೋವರ್ಡ್ ಹೆಡ್ ಅನ್ನೋ ಎಂಜಿನಿಯರ್ ತಲೆಯನ್ನ 110 ಚದರ ಇಂಚಿಗೆ ಹಿಗ್ಗಿಸಿದ. ಹೆಡ್ ಕಂಪನಿ ಕಟ್ಟಿದವನೂ ಅವನೇ. ಮೊದಮೊದಲು ಎಲ್ಲರೂ ನಕ್ಕರು, ಅಜ್ಜಂದಿರ ಬ್ಯಾಟು ಅಂದ್ರು. 1978ರಲ್ಲಿ ಪ್ಯಾಮ್ ಶ್ರೈವರ್ ಅನ್ನೋ 16 ವರ್ಷದ ಹುಡುಗಿ ಅದನ್ನ ಹಿಡಿದು ಯು.ಎಸ್. ಓಪನ್ ಫೈನಲ್ ತನಕ ಹೋದಳು, ಸೆಮಿಫೈನಲ್ಲಿನಲ್ಲಿ ನವ್ರಾಟಿಲೋವಾಳನ್ನೇ ಸೋಲಿಸಿ. ನಗೋರು ಸುಮ್ಮನಾದ್ರು. ಇವತ್ತು ಅಂಗಡೀಲಿರೋ ಬಹುಪಾಲು ರಾಕೆಟ್ 98ರಿಂದ 105ರ ಒಳಗೆ. ದೊಡ್ಡವರವು ಹೆಚ್ಚಿನವು ಗ್ರಾಫೈಟ್, ಹೆಚ್ಚಿನವು 27 ಇಂಚು. ಮೇಲಿನ ಬಣ್ಣ ಕಿತ್ತು ನೋಡಿದರೆ ಅಂತರ ಬಹಳ ಕಮ್ಮಿ.

ದೊಡ್ಡಪ್ಪ: ಅಂತರ ಕಮ್ಮಿ ಅಂತೀಯ, ನೀನು ಯೋನೆಕ್ಸ್ ಬಿಟ್ಟು ಹಿಡಿಯಲ್ಲ ಅಂತೀಯ.

ಮಗಳು: ಅಂತರ ಕಮ್ಮಿ, ಆದರೆ ಕೈ ಅದನ್ನೇ ಹಿಡ್ಕೊಳ್ಳತ್ತೆ. ಸಾವಿರ ಸಲ ಹೊಡೆದ ಮೇಲೆ ಆ ಸಣ್ಣ ಅಂತರವೇ ನನ್ನದು. ಮೊದಲ ದಿನ ಅಂಗಡೀಲಿ ನಿಂತು ಅದು ಯಾರಿಗೂ ಗೊತ್ತಾಗಲ್ಲ. ಅದಕ್ಕೇ ಶುರುವಿನಲ್ಲಿ ಬ್ರ್ಯಾಂಡ್ ಮೇಲೆ ಸುರಿಯೋ ದುಡ್ಡನ್ನ ಗಟ್ ಮೇಲೆ ಹಾಕಿ ಅನ್ನೋದು ನಾನು. ಚೆಂಡಿಗೆ ತಾಗೋದು ಗಟ್ ಒಂದೇ. ಬಾಬೊಲಾಟ್ ಕಂಪನಿ ಹುಟ್ಟಿದ್ದೇ ಗಟ್ ಮಾಡೋಕೆ, ಫ್ರಾನ್ಸಿನ ಲಿಯಾನ್ ಊರಲ್ಲಿ 1875ರಲ್ಲಿ. ಕರುಳನ್ನ ಹದ ಮಾಡಿ, ಎಳೆ ತೆಗೆದು, ಹೊಸೆದು ಮಾಡ್ತಿದ್ದರು. ರಾಕೆಟ್ಟಿಗೆ ಕೈ ಹಾಕಿದ್ದು 1994ರಲ್ಲಿ. ಅಂದ್ರೆ ನೂರಾ ಹತ್ತೊಂಬತ್ತು ವರ್ಷ ಗಟ್ ಮಾಡಿ ಆಮೇಲೆ ಅದರ ಸುತ್ತ ಚೌಕಟ್ಟು ಕಟ್ಟಿದರು. ನನಗೆ ಆ ಕಂಪನಿ ಮೇಲೆ ಗೌರವ ಇದ್ದರೆ ಇದಕ್ಕೆ.

ದೊಡ್ಡಪ್ಪ: ಗಟ್ ಹಾಕೋದರಾಗೆ ಅಂಥಾದ್ದೇನೈತವ್ವ? ನಮ್ಮ ಕಾಲದಾಗೆ ಬಳ್ಳಾರೀಲಿ ಒಬ್ಬ ಮೊಳೆ ಸಿಗಿಸಿ, ಕೈಯಿಂದ ಎಳೆದು, ಬೆರಳಿನಾಗೆ ಮೀಟಿ ಸದ್ದು ಕೇಳಿ ಕೊಟ್ಟುಬಿಡ್ತಿದ್ದ.

ಮಗಳು: ಅವನ ಕಿವಿಗೆ ನಾನು ಕೈ ಮುಗೀತೀನಿ. ಈಗಲೂ ಗಟ್ ಹಾಕಿ ಮುಗಿದ ಮೇಲೆ ನಾವೂ ಅಂಗೈಗೆ ತಟ್ಟಿ ಸದ್ದು ಕೇಳ್ತೀವಿ. ಕೆಲಸ ಶುರುವಾಗೋದು ಹಳೇದನ್ನ ಕತ್ತರಿಸೋದರಿಂದ. ಒಂದು ಮೂಲೆಯಿಂದ ಕಚಕಚ ಅಂತ ಕತ್ತರಿಸಿಬಿಟ್ಟರೆ ಒಂದು ಕಡೆ ಎಳೆತ ಉಳಿದು ಚೌಕಟ್ಟು ಸೊಟ್ಟಗಾಗತ್ತೆ. ನಡುಮಧ್ಯ ಉದ್ದದೆಳೆ, ಅಡ್ಡದೆಳೆ ಕೂಡೋ ಕಡೆ ಶುರು ಮಾಡಿ, ನಾಲ್ಕೂ ದಿಕ್ಕಿಗೆ ಸಮವಾಗಿ ಹೊರಗೆ ಬರಬೇಕು. ಆಮೇಲೆ ಮೆಷಿನ್ನಿಗೆ ಕೂರಿಸಿ, ಒಳಗಿಂದ ಹೊರಗಿಂದ ಹಿಡಿಕೆಗಳಲ್ಲಿ ಬಿಗಿದು, ನಡುವಿನ ಎರಡು ಉದ್ದದೆಳೆ ಮೊದಲು. ಎಡಕ್ಕೊಂದು, ಬಲಕ್ಕೊಂದು, ಹಾಗೇ ಅಂಚಿನ ತನಕ. ಒಂದೇ ಬದಿ ಪೂರ್ತಿ ಎಳೆದರೆ ಮತ್ತೆ ಅದೇ ಕತೆ, ಚೌಕಟ್ಟಿಗೆ ಏಟು. ಉದ್ದ 16 ಆದಮೇಲೆ ಅಡ್ಡ 19, ತಲೆಯಿಂದ ಕತ್ತಿನ ಕಡೆಗೆ. ಒಂದರ ಮೇಲೆ, ಒಂದರ ಕೆಳಗೆ ನೇಯ್ಕೊಂಡು ಹೋಗಬೇಕು. ಒಂದು ಎಳೆ ತಪ್ಪಿ ಎರಡರ ಮೇಲೆ ಹೋಯ್ತು ಅಂದ್ರೆ ಅಲ್ಲಿಂದ ಬಿಚ್ಚಬೇಕು. ಹನ್ನೆರಡು ಮೀಟರಿನ ಎಳೆ ಬೆರಳ ಸಂದಿಯಲ್ಲಿ ಓಡಿ ಓಡಿ ಚರ್ಮ ಗಟ್ಟಿಯಾಗತ್ತೆ, ನೋಡಿ ಇಲ್ಲಿ. ಕೊನೇಲಿ ಗಂಟು. ಆ ಗಂಟಿನ ಹತ್ತಿರ ಬಿಗಿ ಸಡಿಲ ಆಗದ ಹಾಗೆ ಕಟ್ಟೋದು ಕಲಿಯೋಕೆ ಬಹಳ ದಿನ ಬೇಕು.

ದೊಡ್ಡಪ್ಪ: ಕೂಸು ಅದ್ಯಾವುದೋ ಕಪ್ಪು ಗಟ್ ಕೇಳಿದ್ಲಲ್ಲ.

ಮಗಳು: ಪಾಲಿಯೆಸ್ಟರ್. ಅದೂ ನಡಾಲ್‌ದೇ ಗಟ್. ಪಾಲಿಯೆಸ್ಟರ್ ಹೆಸರು ಮಾಡಿದ್ದು 1997ರಲ್ಲಿ. ಬ್ರೆಜಿಲಿನ ಕುಯೆರ್ಟೆನ್, 66ನೇ ರ‍್ಯಾಂಕಿನವನು, ಲಕ್ಸಿಲಾನ್ ಅನ್ನೋ ಬೆಲ್ಜಿಯಂ ಪಾಲಿಯೆಸ್ಟರ್ ಗಟ್ ಹಾಕ್ಕೊಂಡು ಬಂದು ಫ್ರೆಂಚ್ ಓಪನ್ ಗೆದ್ದುಬಿಟ್ಟ. ಆ ಎಳೆ ಪಕ್ಕಕ್ಕೆ ಜಾರಿ ತಟ್ಟನೆ ವಾಪಸ್ ಬರತ್ತೆ, ಚೆಂಡು ತಿರುಗತ್ತೆ. ಆದರೆ ಅಷ್ಟು ಜೋರಾಗಿ ಬೀಸೋರಿಗೆ ಮಾತ್ರ. ಮೆಲ್ಲಗೆ ಹೊಡೆಯೋ ಮಕ್ಕಳಿಗೆ ಅದು ತಂತಿ ಇದ್ದ ಹಾಗೆ ಗಡಸು. ಹರಿಯೋದೂ ಇಲ್ಲ, ಹರಿಯದೇ ಒಳಗೊಳಗೆ ಸತ್ತು ಹೋಗಿರತ್ತೆ. ಹರಿದಿಲ್ಲವಲ್ಲ ಅಂತ ತಂದೆತಾಯಿ ಬದಲಾಯಿಸಲ್ಲ, ಮಗುವಿನ ಮೊಣಕೈ ಅದನ್ನೆಲ್ಲ ತಿನ್ನತ್ತೆ. ಈ ವಿಷಯದಲ್ಲಿ ನನಗೆ ನಿಜವಾಗಿ ಸಿಟ್ಟು ಬರತ್ತೆ ದೊಡ್ಡಪ್ಪ. ಹತ್ತು ಹನ್ನೊಂದು ವರ್ಷದ ಮಕ್ಕಳು ಮೊಣಕೈಗೆ ಪಟ್ಟಿ ಸುತ್ಕೊಂಡು ಬರೋದನ್ನ ನೋಡಿದ್ದೀನಿ.

ದೊಡ್ಡಪ್ಪ: ನಮ್ಮ ಬಿಸಿಲಿಗೆ ಗಟ್ ತಡೀತದಾ? ಬೇಸಿಗೆಯಾಗೆ 40 ಡಿಗ್ರಿ ದಾಟತ್ತೆ.

ಮಗಳು: ಮನೆಯಲ್ಲಿ ತಗಡಿನ ಶೀಟಿನ ಕೆಳಗೆ ಇಡಬೇಡಿ, ಬಿಸಿಲಲ್ಲಿ ನಿಂತ ಕಾರಲ್ಲಂತೂ ಇಡಲೇಬೇಡಿ. ಬಿಸಿಗೆ ಬಿಗಿ ಇಳಿದು ಹೋಗತ್ತೆ. ಬಿಸಿಲಲ್ಲಿ ಚೆಂಡೂ ಪುಟಿಯೋದು ಜಾಸ್ತಿ, ಎತ್ತರ ಬರತ್ತೆ. ಮಂಗಳೂರು ಕಡೆ ಆಡೋರಿಗೆ ಕೈ ಬೆವರು ಇಳಿಯತ್ತೆ, ಬೆವರು ಹೀರೋ ಒಣ ಗ್ರಿಪ್ ಬೇಕು. ಇಲ್ಲಿಯದು ಒಣ ಹವೆ, ಬೆವರು ನಿಲ್ಲಲ್ಲ, ಅಂಗೈ ಒಣಗಿ ಜಾರತ್ತೆ. ಇವಳಿಗೆ ಸ್ವಲ್ಪ ಅಂಟೋ ಗ್ರಿಪ್ ಸುತ್ತಬೇಕು. ಧೂಳಿಗೆ ಬೇಗ ಕೊಳೆಯಾಗತ್ತೆ, ಆಗಾಗ ಬದಲಾಯಿಸಿ. ಅದು ದುಬಾರಿ ಅಲ್ಲ.

ದೊಡ್ಡಪ್ಪ: ಸರಿ, ಈಗ ಮೊದಲ ಮಾತಿಗೆ ಬಾ. ಏನು ಕೊಡಿಸಲಿ?

ಮಗಳು: 26 ಇಂಚಿನದು. ಅವಳ ಎತ್ತರಕ್ಕೆ ಅದು. 250 ಗ್ರಾಂ ಒಳಗೆ. 12-13 ದಾಟಿ ಮೈ ಕಟ್ಟು ಬಂದಮೇಲೆ 27ಕ್ಕೆ ಹೋಗಲಿ. ಬಾಬೊಲಾಟ್, ಹೆಡ್, ವಿಲ್ಸನ್, ಯೋನೆಕ್ಸ್ ನಾಲ್ಕರಲ್ಲೂ ಆ ಅಳತೆಯ ಜೂನಿಯರ್ ರಾಕೆಟ್ ಇವೆ. ನಾನು ಮುಂದಿನ ಸಲ ಬರೋವಾಗ ಮೂರ್ನಾಲ್ಕು ತರ್ತೀನಿ. ಹೆಸರಿನ ಮೇಲೆ ಬಿಳಿ ಟೇಪು ಅಂಟಿಸಿ ಕೊಡ್ತೀನಿ. ಒಂದೊಂದರಲ್ಲೂ ಅರ್ಧ ಗಂಟೆ ಹೊಡೀಲಿ, ಕೈಗೆ ಹಿತ ಆದದ್ದನ್ನ ಅವಳೇ ಹೇಳಲಿ.

ದೊಡ್ಡಪ್ಪ: ಟೇಪು ಬ್ಯಾಡ.

ಮಗಳು: ಯಾಕೆ?

ದೊಡ್ಡಪ್ಪ: ಮೂವತ್ತು ವರ್ಷ ಮಕ್ಕಳನ್ನ ಮೈದಾನದಾಗೆ ನೋಡಿದವನು ನಾನು. ಕೈ ಒಂದೇ ಆಡಲ್ಲ. ಬೆಳಗ್ಗೆ ನಾಲ್ಕೂವರೆಗೆ ಚಳಿಯಾಗೆ ಎದ್ದು ಹೋಗಬೇಕಾದ್ರೆ ಆ ಕೂಸನ್ನ ಎಬ್ಬಿಸೋದು ಯಾವುದು? ಬ್ಯಾಗಿನಾಗೆ ನಡಾಲ್ ಬ್ಯಾಟು ಐತೆ ಅನ್ನೋ ಖುಷಿ. ತೂಕ ಸರಿ ಐತೆ, ಹಿಡಿ ಸರಿ ಐತೆ, ಗಟ್ ನೀನು ಹಾಕ್ತೀಯ. ಅಷ್ಟಾದ ಮೇಲೂ ಹೆಸರು ಮುಚ್ಚಿ ಪರೀಕ್ಷೆ ಮಾಡೋದು ಯಾಕೆ? ನೀನೇ ಹೇಳಿದೆ, ಅಂತರ ಕಮ್ಮಿ ಅಂತ. ಕಮ್ಮಿ ಇದ್ದ ಮೇಲೆ ಅವಳು ಕೇಳಿದ್ದೇ ಆಗಲಿ.

ಮಗಳು: ಅವಳ ಕೈಗೆ ಬೇರೆ ಹೆಚ್ಚು ಹಿತ ಅನಿಸಿದರೆ?

ದೊಡ್ಡಪ್ಪ: ಅನಿಸಿದಾಗ ಅವಳೇ ಕೇಳ್ತಾಳೆ. ಆಗ ಅವಳ ಒಲವು ಅವಳದ್ದಾಗಿರತ್ತೆ. ನಿನಗೆ ಯೋನೆಕ್ಸ್ ಹಿಡಿಸಿದ್ದು ಎಷ್ಟು ಬ್ಯಾಟು ಹಿಡಿದ ಮೇಲೆ?

ಮಗಳು: ಬಹಳ. ಮೊದಲನೇದು ಕ್ಲಬ್ಬಿನಲ್ಲಿ ಯಾರೋ ಬಿಟ್ಟು ಹೋದ ಅಲ್ಯುಮಿನಿಯಂ ರಾಕೆಟ್.

ದೊಡ್ಡಪ್ಪ: ನೋಡು ಮತ್ತೆ.

ಮಗಳು: ಆಯ್ತು, ಟೇಪು ಹಾಕಲ್ಲ. ಆದರೆ ಉಳಿದ ಮೂರೂ ತರ್ತೀನಿ, ಹೆಸರು ಕಾಣೋ ಹಾಗೇ ಹೊಡೆದು ನೋಡಲಿ. ಎಲ್ಲವನ್ನೂ ನೋಡಿ ಆಮೇಲೂ ಬಾಬೊಲಾಟ್ ಅಂದ್ರೆ ಬಾಬೊಲಾಟೇ, 26 ಇಂಚಿನದು. ಕಪ್ಪು ಗಟ್ ಮಾತ್ರ ಇಲ್ಲ.

ದೊಡ್ಡಪ್ಪ: ಅದಕ್ಕೆ ಅತ್ತರೆ?

ಮಗಳು: ಅಳಲಿ. ಸಿಂಥೆಟಿಕ್ ಗಟ್ ಹಾಕ್ತೀನಿ, 46 ಪೌಂಡಿಗೆ, ಹಳದಿ ಬಣ್ಣದ್ದೇ ತರ್ತೀನಿ. ಮೂರು ತಿಂಗಳಿಗೊಮ್ಮೆ ಬಿಚ್ಚಿ ಹೊಸದು ಹಾಕಬೇಕು, ಹರಿದಿರಲಿ ಬಿಡಲಿ. ಅನಂತಪುರದಿಂದ ಬೆಂಗಳೂರಿನ ಬಸ್ಸಿಗೆ ಹಾಕಿ ಕಳಿಸಿ, ಮೆಜೆಸ್ಟಿಕ್ಕಿನಲ್ಲಿ ನಾನು ಇಳಿಸ್ಕೋತೀನಿ.

ದೊಡ್ಡಪ್ಪ: ಹಂಗಾದ್ರೆ ಎರಡು ಬ್ಯಾಟು ಬೇಕಾಗತ್ತಲ್ಲವ್ವ. ಒಂದು ನಿನ್ನ ಹತ್ರ ಇರೋವಾಗ ಅವಳು ಏನರಾಗೆ ಆಡ್ತಾಳೆ?

ಮಗಳು: ಎರಡೂ ಒಂದೇ ತೂಕದವು ಸಿಗೋ ತನಕ ನಾನು ತಕ್ಕಡಿ ಇಟ್ಟು ಹುಡುಕ್ತೀನಿ.